ಸ್ಪ್ಯಾನಿಷ್ ಕಲಿಯುವ ನರ್ಸುಗಳಿಗೆ ಕನ್ನಡವೇ ಹತ್ತಿರದ ದಾರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಅಮೆರಿಕಕ್ಕೆ ಹೋಗಲು ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರವಾನಗಿ ಪರೀಕ್ಷೆಗೆ ಸಿದ್ಧರಾಗುತ್ತಿರುವವರು ನನ್ನನ್ನು ಇಂಗ್ಲಿಷಿನ ಬಗ್ಗೆ ಕೇಳುವಷ್ಟು ಸ್ಪ್ಯಾನಿಷ್ ಬಗ್ಗೆ ಕೇಳುವುದಿಲ್ಲ. ಆ ದೇಶದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಮಾತನಾಡುವವರು 4 ಕೋಟಿಗೂ ಹೆಚ್ಚು ಇದ್ದಾರೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಫ್ಲಾರಿಡಾಗಳ ವಾರ್ಡುಗಳಲ್ಲಿ ಮೊದಲ ಪಾಳಿಯಲ್ಲೇ ಇಂಗ್ಲಿಷ್ ಬಾರದ ರೋಗಿಯೊಬ್ಬರು ಎದುರಾಗುವ ಸಂಭವ ಬಹಳ. ಟೆಕ್ಸಾಸಿನಲ್ಲಿ ನರ್ಸಾಗಿ ದುಡಿದು ಬಂದು ಈಗ ಬೆಳಗಾವಿಯಲ್ಲಿ ಪಾಠ ಹೇಳುತ್ತಿರುವ ನಾನು ಇಲ್ಲಿ ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು: ಕನ್ನಡ ಬಲ್ಲವರು ಈ ಭಾಷೆಗೆ ಇಂಗ್ಲಿಷಿನ ಮೂಲಕ ಸುತ್ತಿ ಬಳಸಿ ಹೋಗಬೇಕಾಗಿಲ್ಲ, ಕನ್ನಡದಿಂದ ನೇರವಾಗಿ ಹೋಗಬಹುದು, ಹಾಗೆ ಹೋದವರು ಬೇಗ ಕಲಿಯುತ್ತಾರೆ.

ಮೊದಲು ಮಾಡಬೇಕಾದ ಕೆಲಸವೆಂದರೆ ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳುವುದು. ರೋಮನ್ ಲಿಪಿಯಲ್ಲಿ ಬರೆದಿದ್ದನ್ನು ಕಂಡರೆ ನಮ್ಮ ನಾಲಗೆ ಇಂಗ್ಲಿಷಿನ ರೂಢಿಯಂತೆ ಟಕಾರ, ಡಕಾರಗಳನ್ನೇ ಹೊರಡಿಸುತ್ತದೆ, ಆದರೆ ಸ್ಪ್ಯಾನಿಷಿನಲ್ಲಿರುವುದು ನಮ್ಮ ತಕಾರ, ದಕಾರಗಳು. ಅದರ ಸ್ವರಗಳು ಅ, ಎ, ಇ, ಒ, ಉ ಎಂಬ ಐದೇ ಆಗಿರುವುದರಿಂದ ಅವೂ ನಮಗೆ ಹೊಸವಲ್ಲ. ಎಡವುವ ಜಾಗ ಬೇರೆಯೇ ಇದೆ. ಪದದ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ ಎಂಬುದರಿಂದ ಸ್ಪ್ಯಾನಿಷಿನಲ್ಲಿ ಅರ್ಥ ಬದಲಾಗುತ್ತದೆ, ಕನ್ನಡದಲ್ಲಿ ಹಾಗಿಲ್ಲ. 'ತೋಮೊ' ಎಂದರೆ 'ನಾನು ತೆಗೆದುಕೊಳ್ಳುತ್ತೇನೆ', 'ತೊಮೋ' ಎಂದರೆ 'ಅವರು ತೆಗೆದುಕೊಂಡರು'. ಮಾತ್ರೆಯ ವಿಚಾರದಲ್ಲಿ ಈ ವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ. ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದುಕೊಳ್ಳುವ ಪದ್ಧತಿಯನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೇನೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಅದು ಪೂರ್ತಿ ನಿಖರವಲ್ಲದಿದ್ದರೂ ರೋಗಿಗೆ ಮಾತು ಅರ್ಥವಾಗುವ ಮಟ್ಟಿಗೆ ಸಾಕಾಗುತ್ತದೆ.

ಇನ್ನು ವಾಕ್ಯರಚನೆಯ ವಿಷಯ. ಎರಡೂ ಭಾಷೆಗಳು ನಿಜಕ್ಕೂ ಹತ್ತಿರ ಬರುವುದು ಇಲ್ಲಿ, ಅದೂ ರೋಗಿಯ ಬಾಯಿಂದ ಹೆಚ್ಚಾಗಿ ಬರುವ ಮಾತುಗಳಲ್ಲಿ. ತಲೆನೋವಿದ್ದವರು ಇಂಗ್ಲಿಷಿನಲ್ಲಿ ನೋವನ್ನು ತಾವು ಹೊಂದಿರುವ ವಸ್ತುವಿನಂತೆ ಹೇಳುತ್ತಾರೆ. ನಮ್ಮ ಕಡೆಯವರು 'ನನಗ ತಲಿ ನೋಯಾಕ ಹತ್ತೈತ್ರಿ' ಎನ್ನುತ್ತಾರೆ. ಸ್ಪ್ಯಾನಿಷಿನವರು 'ಮೆ ದ್ವೇಲೆ ಲ ಕಬೇಸ' ಎನ್ನುತ್ತಾರೆ, ಅದರಲ್ಲಿ 'ಮೆ' ಎಂಬುದು 'ನನಗೆ', 'ದ್ವೇಲೆ' ಎಂಬುದು 'ನೋಯುತ್ತದೆ', ಉಳಿದದ್ದು 'ತಲೆ'. ನೋಯುವುದು ತಲೆ, ನೋವು ಆಗುವುದು ನನಗೆ ಎಂಬ ಈ ಕಟ್ಟು ಎರಡು ಭಾಷೆಗಳಲ್ಲೂ ಒಂದೇ. 'ಮೆ ಪೀಕ' ಎಂದರೆ ನನಗೆ ತುರಿಸುತ್ತದೆ, 'ಮೆ ಆರ್ದೆ' ಎಂದರೆ ನನಗೆ ಉರಿಯುತ್ತದೆ, 'ಮೆ ಫಾಲ್ತ ಎಲ್ ಆಯ್ರೆ' ಎಂದರೆ ನನಗೆ ಉಸಿರು ಸಾಲದು. 'ಮೆ' ಇದ್ದಲ್ಲಿ 'ಲೆ' ಇಟ್ಟು ಪ್ರಶ್ನೆಯ ಧಾಟಿಯಲ್ಲಿ ಹೇಳಿದರೆ ಅದು 'ನಿಮಗೆ' ಎಂದಾಗುತ್ತದೆ: 'ದೋಂದೆ ಲೆ ದ್ವೇಲೆ?' ಎಂದರೆ ನಿಮಗೆ ಎಲ್ಲಿ ನೋಯುತ್ತದೆ, 'ಲೆ ಫಾಲ್ತ ಎಲ್ ಆಯ್ರೆ?' ಎಂದರೆ ನಿಮಗೆ ಉಸಿರು ಸಾಲುತ್ತಿಲ್ಲವೇ. ಇಂಗ್ಲಿಷಿನ ಮೂಲಕ ಕಲಿತವರು ಇದನ್ನು ವಿಚಿತ್ರ ನಿಯಮವೆಂದು ಬಾಯಿಪಾಠ ಮಾಡಿ ಮರೆಯುವುದನ್ನು ನೋಡಿದ್ದೇನೆ, ಕನ್ನಡದ ಮೇಲೆ ಕೂರಿಸಿ ಹೇಳಿಕೊಟ್ಟರೆ ಅದೇ ಮಕ್ಕಳು ತಾವಾಗಿಯೇ ಹೊಸ ಪ್ರಶ್ನೆಗಳನ್ನು ಕಟ್ಟತೊಡಗುತ್ತಾರೆ. ಆದರೆ ಜ್ವರದ ವಿಷಯದಲ್ಲಿ ಈ ಸಾಮ್ಯ ನಿಲ್ಲುವುದಿಲ್ಲ. ಅಲ್ಲಿ 'ತೇಂಗೊ ಫ್ಯೇಬ್ರೆ' ಎಂದು 'ಹೊಂದಿದ್ದೇನೆ' ಎಂಬ ಕ್ರಿಯಾಪದವನ್ನೇ ಬಳಸುತ್ತಾರೆ. ನಾಮಪದಗಳ ಲಿಂಗದ ಬಗ್ಗೆ ಆರಂಭದಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಅಲ್ಲಿ ತಪ್ಪಾದರೆ ರೋಗಿಗೆ ಅಪಾಯವೇನೂ ಇಲ್ಲ.

ಗೌರವದ ರೂಪಕ್ಕೆ ಮಾತ್ರ ಮೊದಲ ದಿನದಿಂದಲೇ ಗಮನ ಕೊಡಲೇಬೇಕು. ಸ್ಪ್ಯಾನಿಷಿನ 'ತೂ' ನಮ್ಮ 'ನೀನು', 'ಉಸ್ತೇದ್' ನಮ್ಮ 'ನೀವು'. ಮೊಬೈಲ್ ಆ್ಯಪ್‌ಗಳಲ್ಲಿ ಕಲಿಯುವವರಿಗೆ ಮೊದಲು ರೂಢಿಯಾಗುವುದು ಸಾಮಾನ್ಯವಾಗಿ 'ತೂ'. ಅದೇ ರೂಪದಲ್ಲಿ ಎಪ್ಪತ್ತರ ಅಜ್ಜಿಯೊಬ್ಬರಿಗೆ 'ಕೈ ಎತ್ತು' ಎಂದರೆ ಅದು ಹೇಗೆ ಕೇಳಿಸುತ್ತದೆ ಎಂಬುದನ್ನು 'ರೀ' ಹಚ್ಚದೆ ಮಾತು ಮುಗಿಸದ ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಆಸ್ಪತ್ರೆಯ ಸ್ಪ್ಯಾನಿಷನ್ನು ಪೂರ್ತಿಯಾಗಿ 'ಉಸ್ತೇದ್' ರೂಪದಲ್ಲೇ ಕಲಿಯಿರಿ. ಮೈ ಮುಟ್ಟುವ ಮೊದಲು ಏನು ಮಾಡಲಿದ್ದೀರಿ ಎಂಬುದನ್ನು ಹೇಳುವ ರೂಢಿಯೂ ಇದಕ್ಕೆ ಸೇರಿದ್ದೇ, ಅದಕ್ಕೆ 'ಬೋಯ್ ಅ' ಎಂಬ ಸುಲಭದ ಆರಂಭವಿದೆ. 'ಬೋಯ್ ಅ ತೊಮಾರ್ಲೆ ಲ ಪ್ರೆಸ್ಯೋನ್' ಎಂದರೆ ನಿಮ್ಮ ಬಿ.ಪಿ. ನೋಡುತ್ತೇನೆ ಎಂದರ್ಥ.

ಮಾತನಾಡುವುದಕ್ಕಿಂತ ಉತ್ತರವನ್ನು ಅರ್ಥಮಾಡಿಕೊಳ್ಳುವುದೇ ಕಷ್ಟ ಎಂಬುದನ್ನು ಹೊಸಬರು ಎಣಿಸಿರುವುದಿಲ್ಲ. 'ಏನಾಯಿತು ಹೇಳಿ' ಎಂದು ಚೆಂದವಾಗಿ ಕೇಳಿದರೆ ರೋಗಿಯು ನಿಮಗೆ ಭಾಷೆ ಬರುತ್ತದೆಂದು ನಂಬಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಡುತ್ತಾರೆ, ನಿಮಗೆ ಅದರಲ್ಲಿ ನಾಲ್ಕು ಪದ ಸಿಗುತ್ತವೆ. ಕಲಿಯುವ ಹಂತದಲ್ಲಿರುವವರು ಹೌದು ಅಥವಾ ಇಲ್ಲ, ಒಂದು ಸಂಖ್ಯೆ, ಅಥವಾ ಬೆರಳಿಟ್ಟು ತೋರಿಸುವುದು, ಈ ಮೂರರಲ್ಲಿ ಒಂದು ಉತ್ತರವಾಗುವಂಥ ಪ್ರಶ್ನೆಗಳನ್ನೇ ಕೇಳಬೇಕು. ಎಲ್ಲಿ ನೋಯುತ್ತದೆ ಎಂದಾಗ ಕೈ ತೋರಿಸುತ್ತಾರೆ, ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದಾಗ ಸಂಖ್ಯೆ ಹೇಳುತ್ತಾರೆ. 'ದೇಸ್ದೆ ಕ್ವಾಂದೊ?', ಅಂದರೆ ಯಾವಾಗಿನಿಂದ, ಎಂಬುದಕ್ಕೆ ಉತ್ತರವಾಗಿ ಬರುವ ದಿನ, ವಾರ, ತಿಂಗಳುಗಳ ಹೆಸರನ್ನು ಮುಂಚೆಯೇ ಕಲಿತಿರಬೇಕು. ಚಂದಗಡ, ಗಡಹಿಂಗ್ಲಜ ಕಡೆಯಿಂದ ಬೆಳಗಾವಿಗೆ ಬರುವ ಮರಾಠಿ ರೋಗಿಗಳೊಂದಿಗೆ ಅಲ್ಪಸ್ವಲ್ಪ ಮರಾಠಿಯಲ್ಲೇ ಕೆಲಸ ನಡೆಸಿದ ಸಿಸ್ಟರ್‌ಗಳಿಗೆ ಈ ಬಗೆಯ ಕೇಳ್ವಿಕೆ ಆಗಲೇ ಕೈವಶವಾಗಿರುತ್ತದೆ, ಅವರದು ದೊಡ್ಡ ಅನುಕೂಲ. ರೋಗಿ 'ಸೀ, ಸೀ', ಅಂದರೆ ಹೌದು ಹೌದು, ಎಂದು ತಲೆಯಾಡಿಸಿದ್ದನ್ನು ಅರ್ಥವಾಗಿದೆ ಎಂದು ತಿಳಿಯಬಾರದು. ನಮ್ಮ ಹಳ್ಳಿಯ ಹಿರಿಯರೂ ಡಾಕ್ಟರರ ಮುಂದೆ ಮರ್ಯಾದೆಗಾಗಿ 'ಹೂನ್ರಿ' ಎನ್ನುತ್ತಾರಲ್ಲ, ಅದೇ ರೀತಿ ಅಲ್ಲಿಯೂ ನಡೆಯುತ್ತದೆ.

ಗುರುತು ಖಚಿತಪಡಿಸಿಕೊಳ್ಳುವಾಗ ಎರಡು ಎಚ್ಚರಗಳು ಬೇಕು. ಸ್ಪ್ಯಾನಿಷ್ ಮಾತನಾಡುವ ದೇಶಗಳಲ್ಲಿ ಒಬ್ಬರಿಗೆ ಸಾಮಾನ್ಯವಾಗಿ ಎರಡು ಅಡ್ಡಹೆಸರುಗಳಿರುತ್ತವೆ, ಮೊದಲನೆಯದು ತಂದೆಯ ಕಡೆಯದು, ಎರಡನೆಯದು ತಾಯಿಯ ಕಡೆಯದು. ಅಮೆರಿಕದ ದಾಖಲೆಯಲ್ಲಿ ಕೊನೆಯದನ್ನಷ್ಟೇ ಅಡ್ಡಹೆಸರೆಂದು ಬರೆದಿದ್ದರೆ ಒಬ್ಬರೇ ರೋಗಿಗೆ ಎರಡು ಫೈಲುಗಳಾಗಬಹುದು. ಜನ್ಮದಿನಾಂಕ ಹೇಳುವಾಗ ಅವರು ನಮ್ಮಂತೆಯೇ ಮೊದಲು ದಿನ, ಆಮೇಲೆ ತಿಂಗಳು ಹೇಳುತ್ತಾರೆ, ಅಮೆರಿಕದ ಚಾರ್ಟಿನಲ್ಲಿ ತಿಂಗಳು ಮೊದಲು ಇರುತ್ತದೆ. ತಿಂಗಳನ್ನು ಸಂಖ್ಯೆಯಲ್ಲಿ ಕೇಳದೆ ಹೆಸರಿನಿಂದಲೇ ಕೇಳುವುದು ಕ್ಷೇಮ.

ಮನೆಮದ್ದಿನ ಬಗ್ಗೆ ಕೇಳಲು ನಮ್ಮ ನರ್ಸುಗಳು ಸಂಕೋಚಪಡಬಾರದು. ದೃಷ್ಟಿ ತಾಗುವುದನ್ನು ಮೆಕ್ಸಿಕೊದ ತಾಯಂದಿರೂ ನಂಬುತ್ತಾರೆ, ಅದಕ್ಕೆ 'ಮಾಲ್ ದೆ ಓಹೊ' ಎನ್ನುತ್ತಾರೆ. ನಿವಾಳಿಸಿ ಚೆಲ್ಲುವುದನ್ನು ನೋಡುತ್ತ ಬೆಳೆದ ನಮಗೆ ಆ ಮಾತನ್ನು ಗೌರವದಿಂದ ಕೇಳಿಸಿಕೊಳ್ಳುವುದು ಕಷ್ಟವಲ್ಲ, ಹಾಗೆ ಕೇಳಿಸಿಕೊಂಡರೆ ಮುಂದಿನ ಮಾಹಿತಿಯೂ ಹೊರಬರುತ್ತದೆ. ಮಗುವಿನ ಹೊಟ್ಟೆ ಕಟ್ಟಿಕೊಂಡಿತೆಂದು, ಅವರ ಮಾತಿನಲ್ಲಿ 'ಎಂಪಾಚೊ' ಎಂದು, ಕೆಲವು ಮನೆಗಳಲ್ಲಿ ಕೊಡುವ 'ಗ್ರೇತ' ಮತ್ತು 'ಅಸರ್ಕೋನ್' ಎಂಬ ಪುಡಿಗಳಲ್ಲಿ ಸೀಸವಿರುತ್ತದೆ, ಅವುಗಳಿಂದ ಮಕ್ಕಳಿಗೆ ಸೀಸದ ವಿಷಬಾಧೆ ಆಗಿರುವುದು ಅಲ್ಲಿನ ವೈದ್ಯಕೀಯ ದಾಖಲೆಗಳಲ್ಲಿದೆ. ಬೈಯುತ್ತಾರೆಂಬ ಭಯವಿದ್ದರೆ ಯಾವ ತಾಯಿಯೂ ಇದನ್ನು ಹೇಳುವುದಿಲ್ಲ.

ಗ್ವಾಟೆಮಾಲ ಅಥವಾ ದಕ್ಷಿಣ ಮೆಕ್ಸಿಕೊದಿಂದ ಬಂದವರೆಲ್ಲರ ತಾಯ್ನುಡಿ ಸ್ಪ್ಯಾನಿಷ್ ಎಂದುಕೊಳ್ಳಬಾರದು. ಮಾಮ್, ಕಿಚೆ ಮೊದಲಾದ ಮಾಯಾ ಭಾಷೆಗಳನ್ನು, ಮಿಶ್ಟೆಕ್ ಭಾಷೆಯನ್ನು ಮನೆಯಲ್ಲಿ ಆಡುವವರಿದ್ದಾರೆ, ಅವರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ. ವಿಜಯಪುರದ ತಾಂಡಾಗಳಿಂದ ಬರುವ ಲಂಬಾಣಿ ಅಜ್ಜಿಯೊಂದಿಗೆ ಕನ್ನಡದಲ್ಲಿ ಮಾತನಾಡುವಾಗ ನಾವು ಎಷ್ಟು ನಿಧಾನಿಸುತ್ತೇವೆಯೋ ಅವರೊಂದಿಗೂ ಅಷ್ಟೇ ನಿಧಾನಿಸಬೇಕು, ನಿಮ್ಮ ಮನೆಮಾತು ಯಾವುದೆಂದು ಮೊದಲೇ ಕೇಳಬೇಕು.

ಕೊನೆಯದಾಗಿ ಎಲ್ಲೆಯ ಪ್ರಶ್ನೆ, ಇದನ್ನು ನಾನು ಭಾಷೆಯಷ್ಟೇ ಗಂಭೀರವಾಗಿ ಕಲಿಸುತ್ತೇನೆ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು 2010ರ ಆರೋಗ್ಯ ಕಾಯ್ದೆಯ 1557ನೆಯ ಕಲಮಿನ ಪ್ರಕಾರ, ಅಲ್ಲಿನ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಉಚಿತವಾಗಿ ಅರ್ಹ ದುಭಾಷಿಯನ್ನು ಒದಗಿಸಬೇಕು, ತುರ್ತು ಸಂದರ್ಭದ ಹೊರತು ರೋಗಿಯ ಚಿಕ್ಕ ಮಕ್ಕಳಿಂದ ಆ ಕೆಲಸ ಮಾಡಿಸುವಂತಿಲ್ಲ. ನೋವು ಕೇಳಲು, ದಿಂಬು ಸರಿಪಡಿಸಲು, ಧೈರ್ಯ ಹೇಳಲು ನಿಮ್ಮ ಸ್ಪ್ಯಾನಿಷ್ ಸಾಕು. ಶಸ್ತ್ರಚಿಕಿತ್ಸೆಯ ಒಪ್ಪಿಗೆ, ಹೊಸ ಔಷಧಿಯ ವಿವರ, ಡಿಸ್ಚಾರ್ಜ್ ಸೂಚನೆ, ಕೆಟ್ಟ ಸುದ್ದಿ, ಇವುಗಳಿಗೆ ನೀವೆಷ್ಟೇ ಚೆನ್ನಾಗಿ ಮಾತನಾಡಿದರೂ ದುಭಾಷಿ ಬೇಕು. ಅದಕ್ಕಾಗಿ 'ಬೋಯ್ ಅ ಯಮಾರ್ ಅಲ್ ಇಂತೇರ್ಪ್ರೆತೆ', ದುಭಾಷಿಯನ್ನು ಕರೆಯುತ್ತೇನೆ, ಎಂಬ ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಬಾಯಿಗೆ ತಂದುಕೊಳ್ಳಿ. ದುಭಾಷಿ ಫೋನಿನಲ್ಲಿರಲಿ, ಪರದೆಯ ಮೇಲಿರಲಿ, ನಿಮ್ಮ ಮುಖ ರೋಗಿಯ ಕಡೆಗಿರಲಿ. 'ಅವರಿಗೆ ಹೀಗೆ ಹೇಳಿ' ಎನ್ನದೆ ರೋಗಿಯೊಂದಿಗೇ ಮಾತನಾಡುವಂತೆ ಒಂದೊಂದೇ ಚಿಕ್ಕ ವಾಕ್ಯ ಹೇಳಿ ನಿಲ್ಲಿಸಿ, ಮಾತು ಮುಗಿದ ಮೇಲೆ ದುಭಾಷಿಯ ಗುರುತಿನ ಸಂಖ್ಯೆಯನ್ನು ಚಾರ್ಟಿನಲ್ಲಿ ಬರೆಯಿರಿ.