ಹಾಲಿನ ಲೋಟದೊಳಗೆ ಬಲ್ಬು ಇಟ್ಟ ಮೇಲೆ

ಥಿಯೇಟರಿಂದ ಹೊರಗೆ ಬರೋರ ಬಾಯಲ್ಲಿ ಈ ಮಾತು ಕೇಳಿ ಕೇಳಿ ನಂಗೆ ಸಾಕಾಗಿದೆ, "ಎಲ್ಲಾ ಚೆನ್ನಾಗಿತ್ತು ಗುರು, ಕ್ಲೈಮ್ಯಾಕ್ಸಲ್ಲಿ ಕೆಡಿಸಿಬಿಟ್ರು". ನಾನು ಎಡಿಟರ್, 18 ವರ್ಷದಿಂದ ಇದೇ ಕೆಲಸ, ಅದ್ರಲ್ಲಿ ಅರ್ಧಕ್ಕರ್ಧ ಸಸ್ಪೆನ್ಸ್ ಥ್ರಿಲ್ಲರ್‌ಗಳೇ, ಯಾಕಂದ್ರೆ ಒಂದು ಎಸ್ಟೇಟ್ ಬಂಗಲೆ, ನಾಲ್ಕು ಜನ ಆರ್ಟಿಸ್ಟು, ಬೆಳಿಗ್ಗೆ ಹೊತ್ತು ಸ್ವಲ್ಪ ಮಂಜು ಸಿಕ್ಕಿದ್ರೆ ಕಮ್ಮಿ ದುಡ್ಡಲ್ಲಿ ಮುಗಿದೋಗತ್ತೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಹಾಗಾಗಿ ಆ ಬೈಗುಳದಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಎಡಿಟಿಂಗ್ ರೂಮಲ್ಲಿ ಕೂತ್ಕೊಂಡು ನೋಡಿದ್ರೆ ಕ್ಲೈಮ್ಯಾಕ್ಸು ಕ್ಲೈಮ್ಯಾಕ್ಸಲ್ಲೇ ಕೆಡೋದು ತೀರಾ ಅಪರೂಪ. ಮೊದಲ ಒಂದೂವರೆ ಗಂಟೆ ಒಂದು ಮಾತು ಕೊಟ್ಟಿರತ್ತೆ, ಕೊನೆ ಹತ್ತು ನಿಮಿಷ ಬಂದು ನಾನು ಹಂಗಂದಿಲ್ವಲ್ಲ ಅಂತ ಕೈ ಎತ್ತಿಬಿಡತ್ತೆ, ಜನಕ್ಕೆ ಉರಿಯೋದು ಅಲ್ಲಿ.

ಇದನ್ನ ವಿವರಿಸೋಕೆ ನಾನು ನಮ್ಮ ಅಸಿಸ್ಟೆಂಟ್ ಹುಡುಗರಿಗೆ ಯಾವಾಗ್ಲೂ ತೋರ್ಸೋ ಸಿನಿಮಾ ಒಂದೇ, ಸಸ್ಪೆನ್ಸಿಗೇ ಹೆಸರಾದ ಡೈರೆಕ್ಟರ್ ಆಲ್ಫ್ರೆಡ್ ಹಿಚ್‌ಕಾಕ್‌ನ 'ಸಸ್ಪಿಷನ್'. 1941ರದ್ದು. 80 ವರ್ಷ ದಾಟಿದೆ, ಆದ್ರೂ ನೋಡಿಲ್ಲ, ನೋಡ್ಬೇಕು ಅಂದ್ಕೊಂಡಿದ್ರೆ ಇಲ್ಲೇ ನಿಲ್ಲಿಸಿ ನೋಡ್ಕೊಂಡು ಬನ್ನಿ, ಮುಂದೆ ಕಥೆ ಪೂರ್ತಿ ಹೇಳ್ಬಿಡ್ತೀನಿ.

ಲೀನಾ ಅಂತ ಶ್ರೀಮಂತರ ಮನೆ ಹುಡುಗಿ, ಜಾನಿ ಅನ್ನೋ ಚೆಲುವನ್ನ ಮದುವೆ ಆಗ್ತಾಳೆ. ಅವನು ನೋಡೋಕೆ ರಾಜಕುಮಾರ, ಜೇಬಲ್ಲಿ ಬಿಡಿಗಾಸಿಲ್ಲ, ಕುದುರೆ ರೇಸಿನ ಹುಚ್ಚು, ಸುಳ್ಳು ಅಂದ್ರೆ ಉಸಿರಾಡಿದಷ್ಟು ಸಲೀಸು. ಮಾವ ಮದುವೆಗೆ ಅಂತ ಕೊಟ್ಟ ಎರಡು ಹಳೇ ಕಾಲದ ಕುರ್ಚಿನೂ ಮಾರ್ಕೋತಾನೆ. ಕೆಲಸ ಕೊಟ್ಟ ಸಂಬಂಧಿಕನ ದುಡ್ಡು ಹೊಡೀತಾನೆ. ಆಮೇಲೆ ಅವನ ಗೆಳೆಯ ಬೀಕಿ ಪ್ಯಾರಿಸಲ್ಲಿ ಬ್ರಾಂದಿ ಕುಡಿದು ಸಾಯ್ತಾನೆ, ಇಲ್ಲಿ ಜಾನಿ ಪತ್ತೇದಾರಿ ಕಾದಂಬರಿ ಬರೆಯೋ ಹೆಂಗಸಿನ ಹತ್ರ ಗುರುತೇ ಸಿಗದ ವಿಷ ಯಾವುದು ಅಂತ ವಿಚಾರಿಸ್ತಿರ್ತಾನೆ. ಲೀನಾಗೆ ನಿಧಾನಕ್ಕೆ ಅನ್ಸೋಕೆ ಶುರುವಾಗತ್ತೆ, ಮುಂದಿನ ಸರದಿ ನನ್ನದೇ ಅಂತ.

ಆಮೇಲೆ ಬರತ್ತೆ ಆ ಹಾಲಿನ ಲೋಟ. ಕತ್ತಲೆ ಮೆಟ್ಟಿಲು, ಕಿಟಕಿ ನೆರಳು ಜೇಡರ ಬಲೆ ಥರ ಗೋಡೆ ಮೇಲೆ ಹರಡ್ಕೊಂಡಿದೆ, ಜಾನಿ ತಟ್ಟೆಯಲ್ಲಿ ಒಂದು ಲೋಟ ಹಾಲು ಇಟ್ಕೊಂಡು ಮೇಲೆ ಹತ್ತಿ ಬರ್ತಿದ್ದಾನೆ, ಅವನ ಮುಖಕ್ಕಿಂತ ಲೋಟವೇ ಹೊಳೀತಿದೆ. ಹಿಚ್‌ಕಾಕು ಆ ಲೋಟದ ಒಳಗೇ ಒಂದು ಲೈಟು ಇಡಿಸಿದ್ದ. ಈಗಿನ ಥರ ಕಂಪ್ಯೂಟರಲ್ಲಿ ಬೆಳಗಿಸೋ ಕಾಲ ಅಲ್ವಲ್ಲ, ನಿಜವಾಗ್ಲೂ ಒಂದು ಸಣ್ಣ ಬಲ್ಬು. ನೋಡೋರ ಕಣ್ಣು ಲೋಟ ಬಿಟ್ಟು ಬೇರೆ ಎಲ್ಲೂ ಹೋಗಬಾರದು, ಅಷ್ಟೇ ಉದ್ದೇಶ.

ಈಗ ಎಡಿಟರ್ ಆಗಿ ಹೇಳ್ತೀನಿ, ಒಂದು ವಸ್ತುವನ್ನ ಅಷ್ಟು ಹೊತ್ತು ಅಷ್ಟು ಬೆಳಕಲ್ಲಿ ಪರದೆ ಮೇಲೆ ಇಟ್ರಿ ಅಂದ್ರೆ ನೀವು ಪ್ರೇಕ್ಷಕರ ಹತ್ರ ಸಾಲ ತಗೊಂಡ್ರಿ. ವಾಪಸ್ ಕೊಡಲೇಬೇಕು. ಅದ್ರಲ್ಲಿ ವಿಷ ಇದ್ರೂ ಸರಿ, ಇಲ್ದೇ ಇದ್ರೆ ವಿಷಕ್ಕಿಂತ ದೊಡ್ಡದೇನಾದ್ರೂ ಬರ್ಬೇಕು. ಈ ಸಿನಿಮಾದಲ್ಲಿ ಏನಾಗತ್ತೆ? ಬೆಳಿಗ್ಗೆ ಹಾಲು ಕುಡೀದೇ ಹಾಗೇ ಇರತ್ತೆ. ಲೀನಾ ತವರಿಗೆ ಹೊರಡ್ತಾಳೆ, ಜಾನಿ ಕಾರಲ್ಲಿ ಕರ್ಕೊಂಡು ಹೋಗ್ತಾನೆ, ಸಮುದ್ರದ ಪಕ್ಕ ಪ್ರಪಾತದ ರಸ್ತೆಲಿ ಬಾಗಿಲು ತೆರ್ಕೊಳತ್ತೆ, ಅವನ ಕೈ ಮುಂದೆ ಬರತ್ತೆ, ಅವಳು ತಳ್ತಿದ್ದಾನೆ ಅಂತ ಕಿರುಚ್ತಾಳೆ. ಕಾರು ನಿಲ್ಲಿಸಿ ಅವನು ಹೇಳ್ತಾನೆ, ತಳ್ಳಿಲ್ಲ, ಹಿಡ್ಕೊಂಡಿದ್ದು. ಬೀಕಿ ಸತ್ತಾಗ ತಾನು ಲಿವರ್‌ಪೂಲಲ್ಲಿದ್ದೆ, ವಿಷ ವಿಚಾರಿಸಿದ್ದು ತಾನೇ ಸಾಯೋಕೆ ಅಂತ. ಎರಡು ನಿಮಿಷದ ಮಾತು, ಕಾರು ತಿರುಗತ್ತೆ, ಇಬ್ಬರೂ ಮನೆ ಕಡೆಗೆ, ಅವನ ಕೈ ಅವಳ ಹೆಗಲ ಮೇಲೆ. ಮುಗೀತು.

ಒಂದೂವರೆ ಗಂಟೆ ಕಣ್ಣಿಗೆ ತೋರಿಸಿ ಕಟ್ಟಿದ್ದನ್ನ ಎರಡು ನಿಮಿಷ ಬಾಯಲ್ಲಿ ಹೇಳಿ ಕೆಡವೋಕಾಗಲ್ಲ. ನಮ್ಮಲ್ಲಿ ಎಡಿಟಿಂಗ್ ಕಲಿಯೋ ಮೊದಲ ವರ್ಷದಲ್ಲೇ ಇದು ಗೊತ್ತಾಗತ್ತೆ, ಚಿತ್ರ ಒಂದು ಹೇಳಿ ಡೈಲಾಗು ಇನ್ನೊಂದು ಹೇಳಿದ್ರೆ ಜನ ನಂಬೋದು ಚಿತ್ರವನ್ನ. ಲಿವರ್‌ಪೂಲಲ್ಲಿ ಅವನನ್ನ ನಾವು ನೋಡೇ ಇಲ್ಲ, ನೋಡಿದ್ದು ಹೊಳೆಯೋ ಲೋಟವನ್ನ.

ಹಿಂಗ್ಯಾಕಾಯ್ತು? ಇದಕ್ಕೆ ಮೂಲ ಫ್ರಾನ್ಸಿಸ್ ಐಲ್ಸ್ ಹೆಸರಲ್ಲಿ 1932ರಲ್ಲಿ ಬಂದ ಕಾದಂಬರಿ. ಅದ್ರಲ್ಲಿ ಗಂಡ ಕೊಲೆಗಾರನೇ, ಓದೋರಿಗೆ ಅದು ಶುರುವಲ್ಲೇ ಗೊತ್ತು, ಅವಳಿಗೆ ಯಾವಾಗ ಗೊತ್ತಾಗತ್ತೆ ಅನ್ನೋದೇ ಕಥೆ, ಕೊನೆಗೆ ಅವಳು ಗೊತ್ತಿದ್ದೂ ವಿಷ ಕುಡೀತಾಳೆ. ಆದ್ರೆ ಸಿನಿಮಾದ ಜಾನಿ ಯಾರು, ಕ್ಯಾರಿ ಗ್ರಾಂಟ್. ಆ ಕಾಲದ ಹೆಂಗಸರ ಕಣ್ಮಣಿ. ಅವನನ್ನ ಹೆಂಡತಿ ಕೊಂದವನು ಅಂತ ತೋರ್ಸೋಕೆ ಆರ್‌ಕೆಓ ಸ್ಟುಡಿಯೋದವರು ಒಪ್ಪಲಿಲ್ಲ ಅಂತ ಹಿಚ್‌ಕಾಕು ಆಮೇಲೆ ಫ್ರೆಂಚ್ ಡೈರೆಕ್ಟರ್ ಟ್ರುಫೋ ಹತ್ರ ಇಂಟರ್ವ್ಯೂನಲ್ಲಿ ಹೇಳ್ಕೊಂಡಿದ್ದಾನೆ. ತಾನು ಅಂದ್ಕೊಂಡಿದ್ದ ಅಂತ್ಯವನ್ನೂ ಹೇಳಿದ್ದಾನೆ. ಲೀನಾ ಅಮ್ಮನಿಗೆ ಕಾಗದ ಬರೀತಾಳೆ, ಇವನು ಕೊಲೆಗಾರ, ಆದ್ರೂ ನಂಗೆ ಇವನ ಮೇಲೆ ಪ್ರೀತಿ, ನಾನು ಸಾಯೋದು ಸರಿ, ಆದ್ರೆ ಬೇರೆಯವರನ್ನ ಇವನಿಂದ ಕಾಪಾಡ್ಬೇಕು ಅಂತ. ಅಷ್ಟೊತ್ತಿಗೆ ಅವನು ಹಾಲು ತರ್ತಾನೆ. ಅವಳು ಈ ಕಾಗದ ಸ್ವಲ್ಪ ಪೋಸ್ಟಿಗೆ ಹಾಕ್ಬಿಡಿ ಅಂದು ಹಾಲು ಕುಡಿದು ಸಾಯ್ತಾಳೆ. ಕೊನೇ ಶಾಟು, ಜಾನಿ ಖುಷಿಯಾಗಿ ಶಿಳ್ಳೆ ಹೊಡ್ಕೊಂಡು ಬಂದು ಆ ಕಾಗದವನ್ನ ಡಬ್ಬಿಗೆ ಹಾಕೋದು. ಎಂಥಾ ಅಂತ್ಯ ಮಾರಾಯ್ರೆ! ಲೋಟದ ಸಾಲಕ್ಕೆ ಬಡ್ಡಿ ಸಮೇತ ತೀರುವಳಿ.

ಹಿಚ್‌ಕಾಕ್ ಮಾತನ್ನ ಪೂರ್ತಿ ನಂಬಬೇಡಿ, ಶುರುವಿಂದಲೇ ಅನುಮಾನ ಪಡೋ ಹೆಂಗಸಿನ ಕಥೆ ಮಾಡೋಕೇ ಹೊರಟಿದ್ದ, ಕಾಗದದ ಕಥೆ ಆಮೇಲೆ ಕಟ್ಟಿದ್ದು ಅನ್ನೋ ಸಂಶೋಧಕರೂ ಇದ್ದಾರೆ. ಇರಬಹುದು. ಡೈರೆಕ್ಟರುಗಳು ಇಂಟರ್ವ್ಯೂನಲ್ಲಿ ತಮ್ಮ ಸಿನಿಮಾನ ಇನ್ನೊಂದ್ಸಲ ಎಡಿಟ್ ಮಾಡ್ತಾರೆ, ಅದು ನಂಗೂ ಗೊತ್ತು. ಆದ್ರೂ ಸಿನಿಮಾದ ಒಳಗೇ ಸಾಕ್ಷಿ ಬಿದ್ದಿದೆ ನೋಡಿ. ಶುರುವಲ್ಲಿ ರೈಲಲ್ಲಿ ಜಾನಿ ಮೂರನೇ ಕ್ಲಾಸ್ ಟಿಕೆಟ್ ಇಟ್ಕೊಂಡು ಫಸ್ಟ್ ಕ್ಲಾಸಲ್ಲಿ ಕೂತು ಸಿಕ್ಕಿಬೀಳ್ತಾನೆ, ಚಿಲ್ಲರೆ ಸಾಲಲ್ಲ, ಲೀನಾ ಪರ್ಸಿಂದ ಒಂದು ಸ್ಟಾಂಪು ಎತ್ಕೊಂಡು ಟಿಕೆಟ್ ಕಲೆಕ್ಟರಿಗೆ ಕೊಟ್ಟು ನಿಮ್ಮಮ್ಮಂಗೆ ಕಾಗದ ಬರೀರಿ ಅಂತಾನೆ. ಸ್ಟಾಂಪು, ಅಮ್ಮ, ಕಾಗದ, ಮೂರೂ ಮೊದಲ ಸೀನಲ್ಲೇ! ಒಗ್ಗರಣೆ ಹಾಕಿದ್ದಾಗಿದೆ, ಸಾರೇ ಬರಲಿಲ್ಲ.

ಎಡಿಟರುಗಳಿಗೆ ಮೈ ಉರಿಯೋ ಭಾಗ ಇನ್ನೊಂದಿದೆ. ಹಿಚ್‌ಕಾಕು ಊರಲ್ಲಿ ಇಲ್ಲದಾಗ ಸ್ಟುಡಿಯೋದ ಒಬ್ಬ ದೊಡ್ಡ ಮನುಷ್ಯ, ಹೆಂಗೂ ಇವನು ಕೊಲೆಗಾರ ಅಲ್ವಲ್ಲ, ಹಾಗಾದ್ರೆ ಕೊಲೆಗಾರ ಅನ್ಸೋ ಸೀನೆಲ್ಲಾ ತೆಗೀರಿ ಅಂತ ತೆಗೆಸಿಬಿಟ್ಟನಂತೆ. ಲಾಜಿಕ್ ಸರಿಯಾಗೇ ಇದೆ! ತೆಗೆದು ನೋಡಿದ್ರೆ ಸಿನಿಮಾ ಉಳಿದಿದ್ದು 55 ನಿಮಿಷ. ಸ್ಟುಡಿಯೋ ಮುಖ್ಯಸ್ಥನಿಗೇ ನಗು ಬಂದಿರ್ಬೇಕು, ಮತ್ತೆ ಎಲ್ಲಾ ಮೊದಲಿನ ಥರ ಜೋಡಿಸೋಕೆ ಬಿಟ್ರಂತೆ. ಈಗ ನಾವು ನೋಡೋ ಪ್ರಿಂಟು 99 ನಿಮಿಷದ್ದು. ಲೆಕ್ಕ ನೀವೇ ಹಾಕಿ, ಹತ್ತತ್ರ ಅರ್ಧ ಸಿನಿಮಾ ತನ್ನ ಅಂತ್ಯಕ್ಕೇ ವಿರುದ್ಧ ನಿಂತಿತ್ತು.

ನಂದೂ ಒಂದು ಇಂಥದ್ದೇ ಕಥೆ ಇದೆ, ಹೆಸರು ಬೇಡ. ಹೀರೋನೇ ಕೊಲೆಗಾರ, ಸ್ಕ್ರಿಪ್ಟಲ್ಲಿ ಹಾಗೇ ಇತ್ತು, ಶೂಟೂ ಹಾಗೇ ಆಯ್ತು. ಅವನು ರಾತ್ರಿ ಹಿತ್ತಲ ನಲ್ಲಿಲಿ ಕೈ ತೊಳೀತಾನೆ, ಆ ಶಾಟನ್ನ ನಾನು 11 ಸೆಕೆಂಡು ಬಿಟ್ಟಿದ್ದೆ, ಮ್ಯೂಸಿಕ್ಕೂ ಇಲ್ಲ, ಬರೀ ನೀರಿನ ಸದ್ದು. ಡೈರೆಕ್ಟ್ರು ಬೆನ್ನು ತಟ್ಟಿದ್ರು. ರಫ್ ಕಟ್, ಅಂದ್ರೆ ಮೊದಲ ಸಲ ಜೋಡಿಸಿದ ಕಚ್ಚಾ ಸಿನಿಮಾ, ನೋಡಿದ ಮೇಲೆ ಶುರುವಾಯ್ತು, ಹೀರೋ ಹಿಂಗಾದ್ರೆ ಫ್ಯಾನ್ಸು ಒಪ್ಪಲ್ಲ ಸಾರ್, ಲೇಡೀಸು ಬರಲ್ಲ ಸಾರ್, ಎರಡೇ ದಿನ ಪ್ಯಾಚ್ ವರ್ಕ್ ಮಾಡಿ ಸರಿ ಮಾಡೋಣ. ಇಡೀ ಸಿನಿಮಾದಲ್ಲಿ ಮೂರು ಶಾಟಲ್ಲಿ ಕಾಫಿ ತಂದಿಟ್ಟು ಹೋಗಿದ್ದ ಅಡುಗೆ ಭಟ್ರು ಕೊಲೆಗಾರ ಆದ್ರು. ಪಾಪ ಆ ಆರ್ಟಿಸ್ಟು ಖುಷಿಯಾಗಿ ಬಂದು ಮಾಡಿ ಹೋದ್ರು. ನಾನು ಹೇಳ್ದೆ, ಸಾರ್ ಈ ನಲ್ಲಿ ಶಾಟು ತೆಗೀಲೇಬೇಕು ಅಂತ. ಬೇಡ ಅದು ಟ್ರೇಲರಲ್ಲೂ ಇದೆ, ಸೂಪರಾಗಿದೆ ಅಂದ್ರು. ಕೊನೆಗೆ ಹೀರೋ ಬೆನ್ನು ಕಾಣೋ ಒಂದು ಶಾಟ್ ಮೇಲೆ ಡಬ್ಬಿಂಗಲ್ಲಿ ಒಂದು ಸಾಲು ತೂರಿಸಿದ್ವಿ, "ಅವತ್ತು ಬೈಕ್ ಚೈನ್ ಬಿಚ್ಚಿದ್ದೆ ಕಣೇ, ಕೈಯೆಲ್ಲಾ ಗ್ರೀಸಾಗಿತ್ತು" ಅಂತ. ಮಾರ್ನಿಂಗ್ ಶೋಗೆ ಹೋಗಿ ಹಿಂದಿನ ಸಾಲಲ್ಲಿ ಕೂತಿದ್ದೆ. ಆ ಸಾಲಿಗೆ ಇಡೀ ಥಿಯೇಟರು ನಕ್ಕಿದ್ದು ನೋಡಿ ಇಂಟರ್ವಲ್ಲಲ್ಲೇ ಎದ್ದು ಹೋಗಿದ್ರೆ ಚೆನ್ನಾಗಿತ್ತು ಅನ್ಸ್ತು.

ಅಂದ್ರೆ ಗುಟ್ಟು ಬಿಚ್ಚಿಡಲೇಬೇಕು, ಎಲ್ಲಾದಕ್ಕೂ ಉತ್ತರ ಕೊಡಲೇಬೇಕು ಅಂತ ನಾನು ಹೇಳ್ತಿಲ್ಲ. 1995ರಲ್ಲಿ ಬಂದ ಸುನಿಲ್ ಕುಮಾರ್ ದೇಸಾಯಿ ಅವರ 'ಬೆಳದಿಂಗಳ ಬಾಲೆ' ನೆನಪಿಸ್ಕೊಳ್ಳಿ, ಅನಂತ್ ನಾಗ್ ಇಡೀ ಸಿನಿಮಾ ಹುಡುಕೋ ಆ ಹುಡುಗಿ ಮುಖ ನಮಗೆ ಕೊನೆವರೆಗೂ ಕಾಣಲ್ಲ. ಮುಖಾನೇ ತೋರಿಸಲಿಲ್ಲ ಅಂತ ಜಗಳಕ್ಕೆ ಬಂದವರನ್ನ ನಾನು ನೋಡಿಲ್ಲ. ಯಾಕಂದ್ರೆ ಆ ಸಿನಿಮಾ ಸಾಲ ತಗೊಂಡಿದ್ದು ಮುಖದ ಮೇಲಲ್ಲ, ಫೋನಲ್ಲಿ ಬರೋ ದನಿ ಮೇಲೆ, ಆ ದನಿಯನ್ನ ಸಿನಿಮಾ ನಮಗೆ ಹೊಟ್ಟೆ ತುಂಬಾ ಕೊಟ್ಟಿರತ್ತೆ. ಎಡಿಟಿಂಗಲ್ಲಿ ಇದು ಬಲು ಕಷ್ಟದ ಕೆಲಸ, ರಿಯಾಕ್ಷನ್ ಶಾಟಿಗೆ ಆ ಕಡೆ ಮುಖವೇ ಇಲ್ಲ ಅಂದ್ರೆ ಕಟ್ ಮಾಡೋದಾದ್ರೂ ಎಲ್ಲಿಗೆ.

ಹಾಗಾಗಿ ಈಗೀಗ ಹೊಸ ಡೈರೆಕ್ಟರು ಯಾರಾದ್ರೂ ಬಂದು ಸಾರ್ ನನ್ ಹತ್ರ ಎರಡು ಕ್ಲೈಮ್ಯಾಕ್ಸ್ ಇದೆ, ಎರಡೂ ಶೂಟ್ ಮಾಡಿ ಇಟ್ಕೋತೀನಿ, ಟೇಬಲ್ ಮೇಲೆ ಡಿಸೈಡ್ ಮಾಡೋಣ ಅಂದ್ರೆ ನಾನು ಕೇಳೋದು ಒಂದೇ, ಎರಡು ಫಸ್ಟ್ ಹಾಫೂ ಶೂಟ್ ಮಾಡ್ತೀರಾ? ಒಬ್ಬರಂತೂ ಬಜೆಟ್ ಎಷ್ಟಾಗತ್ತೆ ಅಂತ ಸೀರಿಯಸ್ಸಾಗಿ ಲೆಕ್ಕ ಹಾಕೋಕೆ ಕೂತ್ರು.

ಜೋನ್ ಫಾಂಟೇನ್‌ಗೆ ಲೀನಾ ಪಾತ್ರಕ್ಕೆ ಆಸ್ಕರ್ ಬಂತು, ಹಿಚ್‌ಕಾಕ್ ಸಿನಿಮಾದಲ್ಲಿ ನಟಿಸಿ ಆಸ್ಕರ್ ಗೆದ್ದಿದ್ದು ಅವಳೊಬ್ಬಳೇ. ಆ ಕಣ್ಣಲ್ಲಿರೋ ಭಯ ನಿಜವಾಗ್ಲೂ ನಿಜ, ಅದನ್ನ ನೋಡೋಕಾದ್ರೂ ಸಿನಿಮಾ ನೋಡಿ. ನೋಡ್ವಾಗ ಸುಮಾರು 45ನೇ ನಿಮಿಷದ ಹತ್ರ ಸ್ವಲ್ಪ ಹುಷಾರಾಗಿರಿ. ಹಿಚ್‌ಕಾಕು ತನ್ನ ಹೆಚ್ಚಿನ ಸಿನಿಮಾಗಳಲ್ಲಿ ಎಲ್ಲೋ ಒಂದು ಕಡೆ ಮುಖ ತೋರಿಸಿ ಹೋಗ್ತಾನಲ್ಲ, ಇದ್ರಲ್ಲಿ ಅವನು ಕಾಣೋದು ಹಳ್ಳಿಯ ಅಂಚೆ ಡಬ್ಬಿ ಹತ್ರ, ಡಬ್ಬಿಗೆ ಒಂದು ಕಾಗದ ಹಾಕ್ತಾ.