‘ಮನೆ ಡಬ್ಬದ ಹಾಗೆ ಕಾಣುತ್ತೆ, ವಜ್ರದ ಬ್ಲಾಕ್ ಹಾಕಲಾ?’

ಪ್ರಶ್ನೆ: ಸರ್, ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದಲ್ಲಿ ಎಷ್ಟು ಸಲ ಮನೆ ಕಟ್ಟಿದರೂ ಡಬ್ಬದ ಹಾಗೇ ಕಾಣುತ್ತೆ. ಚೆಂದ ಕಾಣಬೇಕು ಅಂದರೆ ಯಾವ ಬ್ಲಾಕ್ ಹಾಕಬೇಕು? ವಜ್ರದ್ದು ಹಾಕಿದರೆ ಹೇಗೆ?

ಉತ್ತರ: ಹಾಕಬೇಡಿ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಹೀಗೆ ಚುಟುಕಾಗಿ ಹೇಳಿದಾಗಲೆಲ್ಲ "ಹಾಗಾದರೆ ಚಿನ್ನದ್ದು?" ಅಂತ ಮತ್ತೊಂದು ಪ್ರಶ್ನೆ ಬಂದಿದೆ. ಚಿನ್ನ ಬೇಡ ಅಂದರೆ ಕ್ವಾರ್ಟ್ಜ್ ಅನ್ನುವ ಬಿಳಿ ಕಲ್ಲು. ಏಳನೇ ಕ್ಲಾಸಿನ ಹುಡುಗರು ಕೇಳಿದ್ದಾರೆ, ಅವರ ಅಪ್ಪಂದಿರೂ ಕೇಳಿದ್ದಾರೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕೈಗೆ ಕೊಡುವುದು ಅಂತ ತೀರ್ಮಾನ ಮಾಡಿದ್ದೇನೆ.

ನಿಮ್ಮ ಮನೆ ಡಬ್ಬದ ಹಾಗೆ ಕಾಣುತ್ತಿದ್ದರೆ ಅದಕ್ಕೆ ಕಾರಣ ಅದು ಡಬ್ಬವೇ ಆಗಿರುವುದು. ನಾಲ್ಕು ಚಪ್ಪಟೆ ಗೋಡೆ, ಮೇಲೊಂದು ಚಪ್ಪಟೆ ಮುಚ್ಚಳ. ಈಗ ನಾಲ್ಕು ಮೂಲೆಗೂ ಮರದ ದಿಮ್ಮಿಯ ಕಂಬ ನಿಲ್ಲಿಸಿ. ಕಂಬ ಗೋಡೆಗಿಂತ ಒಂದು ಬ್ಲಾಕ್ ಹೊರಗಿರಲಿ. ಗೋಡೆ ಉದ್ದ ಇದ್ದರೆ ನಡುವೆಯೂ ಒಂದೆರಡು ಕಂಬ ಬರಲಿ. ಕಿಟಕಿಗೆ ಇಡೀ ಗಾಜಿನ ಬ್ಲಾಕ್ ಬೇಡ, ಗ್ಲಾಸ್ ಪೇನ್, ಅಂದರೆ ತೆಳು ಗಾಜಿನ ಹಲಗೆ ಹಾಕಿ. ಅದು ಬ್ಲಾಕಿನ ನಟ್ಟನಡುವೆ ಕೂರುತ್ತದೆ, ಹಾಗಾಗಿ ಕಿಟಕಿ ತಾನಾಗಿಯೇ ಒಳಗೆ ಸರಿದ ಹಾಗೆ ಕಾಣುತ್ತದೆ. ಖರ್ಚೂ ಕಡಿಮೆ, 6 ಗಾಜಿಗೆ 16 ಪೇನ್ ಸಿಗುತ್ತವೆ. ಕಿಟಕಿಯ ಮೇಲೆ ಸ್ಲ್ಯಾಬಿನದೊಂದು (ಅರ್ಧ ಎತ್ತರದ ಬ್ಲಾಕ್) ಸಜ್ಜಾ. ಛಾವಣಿಗೆ ಸ್ಟೇರ್ (ಮೆಟ್ಟಿಲಿನ ಆಕಾರದ ಬ್ಲಾಕ್) ಜೋಡಿಸಿ ಇಳಿಜಾರು ಮಾಡಿ, ಗೋಡೆಯಿಂದ ಒಂದು ಬ್ಲಾಕ್ ಆಚೆಗೆ ಸೂರು ಬಿಡಿ. ಅದೇ ಓಕ್ ಹಲಗೆ, ಅದೇ ಕಾಬಲ್‌ಸ್ಟೋನ್, ಅಂದರೆ ಒರಟು ಕಲ್ಲು. ಹೊಸ ಬಗೆಯ ಒಂದು ಬ್ಲಾಕನ್ನೂ ಅಗೆದು ತರಬೇಕಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ವಜ್ರದ ಮಾತೇ ಬರುತ್ತಿರಲಿಲ್ಲ. ಶೇಡರ್ (ಬೆಳಕು ನೆರಳು ಚೆಂದ ಮಾಡುವ ಹೆಚ್ಚುವರಿ ತಂತ್ರಾಂಶ) ಇಲ್ಲದ ಸಾದಾ ಆಟದಲ್ಲಿ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ. ಆದರೆ ಅವನ ಬಿಸಿಲಿಗೆ ಕಂಬದ ನೆರಳು ಓರೆಯಾಗಿ ನೆಲದ ಮೇಲೆ ಬೀಳುವುದಿಲ್ಲ. ಆಟ ಬೇರೆಯೇ ಒಂದು ಸರಳ ಲೆಕ್ಕ ಹಾಕುತ್ತದೆ. ಜಾವಾ ಆವೃತ್ತಿಯಲ್ಲಿ (ಕಂಪ್ಯೂಟರಿನಲ್ಲಿ ಆಡುವುದು) ಬ್ಲಾಕಿನ ಮೇಲ್ಭಾಗಕ್ಕೆ ಪೂರ್ತಿ ಬೆಳಕು. ಉತ್ತರ, ದಕ್ಷಿಣದ ಮುಖಕ್ಕೆ ನೂರಕ್ಕೆ 80 ಭಾಗ. ಪೂರ್ವ, ಪಶ್ಚಿಮದ ಮುಖಕ್ಕೆ 60. ತಳಕ್ಕೆ 50. ಈಗ ನಿಮ್ಮ ಚಪ್ಪಟೆ ಗೋಡೆಯನ್ನು ನೋಡಿ. 9 ಬ್ಲಾಕ್ ಅಗಲ, 4 ಬ್ಲಾಕ್ ಎತ್ತರ, ಒಟ್ಟು 36 ಬ್ಲಾಕ್. ಎಲ್ಲದರ ಮುಖವೂ ಒಂದೇ ದಿಕ್ಕಿಗೆ. ಅಂದರೆ 36ಕ್ಕೂ ಒಂದೇ ಬೆಳಕು. ಕಣ್ಣಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಜಾರಿ ಹೋಗುತ್ತದೆ. ಒಂದು ಕಂಬ ಹೊರಗೆ ಬಂದ ಕೂಡಲೇ ಅದರ ಪಕ್ಕೆ ಬೇರೆ ದಿಕ್ಕಿಗೆ ತಿರುಗುತ್ತದೆ, ಬೇರೆ ಛಾಯೆ ಬರುತ್ತದೆ. ಸ್ಮೂತ್ ಲೈಟಿಂಗ್ (ಬೆಳಕನ್ನು ನಯವಾಗಿ ಬೆರೆಸುವ ಸೆಟ್ಟಿಂಗ್) ಆನ್ ಇದ್ದರೆ ಕಂಬ ಮತ್ತು ಗೋಡೆ ಸೇರುವ ಸಂದಿ ಇನ್ನಷ್ಟು ಕಪ್ಪಾಗುತ್ತದೆ. ಸಜ್ಜಾದ ತಳ ಕಪ್ಪು, ಮೇಲ್ಭಾಗ ಬೆಳ್ಳಗೆ. ನೀವು "ಚೆಂದ" ಅನ್ನುವುದು ಈ ಕಪ್ಪು ಬಿಳುಪಿನ ಗೆರೆಗಳನ್ನೇ.

ಈಗ ವಜ್ರಕ್ಕೆ ಬರೋಣ.

ಒಂದು ಸಣ್ಣ ಗುಡಿಸಲು ಲೆಕ್ಕ ಹಾಕಿ. 9 ಬ್ಲಾಕ್ ಉದ್ದ, 7 ಅಗಲ, 4 ಎತ್ತರ. ಸುತ್ತಲೂ 28 ಬ್ಲಾಕ್, ನಾಲ್ಕು ಸಾಲು, ಒಟ್ಟು 112. ಬಾಗಿಲು ಕಿಟಕಿಗೆ 12 ಬಿಟ್ಟರೆ 100. ಒಂದು ವಜ್ರದ ಬ್ಲಾಕಿಗೆ 9 ವಜ್ರ. ಅಂದರೆ ಬರೀ ಗೋಡೆಗೆ 900 ವಜ್ರ. ತಲೆಯಿಂದ ಕಾಲಿನವರೆಗೆ ವಜ್ರದ ರಕ್ಷಾಕವಚಕ್ಕೆ ಬೇಕಾಗುವುದು 24. ಗೋಡೆಯ ವಜ್ರದಲ್ಲಿ 37 ಜನರಿಗೆ ಕವಚ ತೊಡಿಸಿ ಇನ್ನೂ ಒಂದಿಷ್ಟು ಮಿಗಿಸಬಹುದು.

"ಸರ್, ನಾನು ಕ್ರಿಯೇಟಿವ್ ಮೋಡ್‌ನಲ್ಲಿ ಆಡೋದು, ಅಲ್ಲಿ ಎಲ್ಲಾ ಬಿಟ್ಟಿ ಅಲ್ವಾ?" ಬಂತು ನೋಡಿ. ಬಿಟ್ಟಿ ಹೌದು. ಹಾಗಾದರೆ ಅಲ್ಲಿ ವಜ್ರವೂ ಒಂದೇ, ಮಣ್ಣೂ ಒಂದೇ, ಎರಡಕ್ಕೂ ಒಂದು ಕ್ಲಿಕ್. ಬೆಲೆಯೇ ಇಲ್ಲದ ಜಾಗದಲ್ಲೂ ನಿಮ್ಮ ಕೈ ವಜ್ರದ ಕಡೆಗೇ ಹೋಗುತ್ತದೆ ಅಂದರೆ, ಎಲ್ಲವನ್ನೂ ದುಡಿದೇ ತರಬೇಕಾದ ಸರ್ವೈವಲ್ ಮೋಡ್‌ನಲ್ಲಿ ಲಾವಾದ ಪಕ್ಕ ಬೆವರು ಸುರಿಸಿ ಅಗೆದ ನೆನಪು ಇನ್ನೂ ಹೋಗಿಲ್ಲ. ಗೋಡೆ ನೋಡುವವರಿಗೆ ಆ ಬೆವರು ಕಾಣುವುದಿಲ್ಲ. ಕಾಣುವುದು 16 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ಒಂದು ಚಿತ್ರ.

ಆ ಚಿತ್ರ ಹೇಗಿದೆ ಅಂತ ಒಮ್ಮೆ ಹತ್ತಿರ ಹೋಗಿ ನೋಡಿ. ಢಾಳಾದ ತಿಳಿನೀಲಿ, ಸುತ್ತ ಒಂದು ಅಂಚು. ಒಂದೇ ಬ್ಲಾಕ್ ಇಟ್ಟಾಗ ಒಡವೆ ಪೆಟ್ಟಿಗೆಯ ಹಾಗೆ ಇರುತ್ತದೆ, ನಿಜ. ನೂರು ಜೋಡಿಸಿದಾಗ ಆ ಅಂಚುಗಳೆಲ್ಲ ಸೇರಿ ಗ್ರಾಫ್ ಹಾಳೆ ಆಗುತ್ತದೆ. ಆ ನೀಲಿ ಯಾವ ಮರದ ಪಕ್ಕದಲ್ಲೂ ಹೊಂದಿಕೊಂಡು ನಿಲ್ಲುವುದಿಲ್ಲ. ಕಾಬಲ್‌ಸ್ಟೋನಿನ ಚಿತ್ರದಲ್ಲಿ ದೊಡ್ಡ ಸಣ್ಣ ಕಲ್ಲುಗಳು ಅಡ್ಡಾದಿಡ್ಡಿ ಇವೆ, ಅಂಚು ಎಲ್ಲಿ ಮುಗಿಯಿತು ಅಂತ ಸುಲಭಕ್ಕೆ ತಿಳಿಯುವುದಿಲ್ಲ. ಹಾಗಾಗಿ ನೂರು ಜೋಡಿಸಿದರೂ ಒಂದೇ ಗೋಡೆ. ಕ್ವಾರ್ಟ್ಜ್ ಇಷ್ಟು ಕೆಟ್ಟದ್ದಲ್ಲ, ಒಳ್ಳೆಯ ಬಿಳಿ. ಆದರೆ ಚಪ್ಪಟೆ ಗೋಡೆಗೆ ಹಾಕಿದರೆ ಯಾರೋ ಬಯಲಿನಲ್ಲಿ ಫ್ರಿಡ್ಜ್ ಇಳಿಸಿ ಹೋದ ಹಾಗಿರುತ್ತದೆ.

ನಮ್ಮ ಮನೆಯಲ್ಲೇ ಇದರ ಪರೀಕ್ಷೆ ಆಗಿದೆ. ಅಕ್ಕನ ಮಗಳಿಗೂ ಇದೇ ಹುಚ್ಚು. ನಾನು ಕಟ್ಟಿದ್ದನ್ನು ನೋಡಿ "ಮಾಮಾ, ನಿಂದು ಬರೀ ಕಲ್ಲು" ಅಂದಳು. ಸರಿ, ಪಕ್ಕಪಕ್ಕ ಎರಡು ಮನೆ ಕಟ್ಟೋಣ ಅಂದೆ. ಅವಳದು ವಜ್ರ, ಚಪ್ಪಟೆ ಗೋಡೆ. ನನ್ನದು ಕಾಬಲ್‌ಸ್ಟೋನ್ ಪಾಯ, ಸ್ಪ್ರೂಸ್ ಮರದ ಕಂಬ, ಸೂರು, ಸಜ್ಜಾ. ತೀರ್ಪು ಹೇಳಲು ನನ್ನ ಅಮ್ಮನನ್ನು ಕರೆದೆವು. ಅವರು ಈ ಆಟ ಮುಟ್ಟಿದವರಲ್ಲ. ಕನ್ನಡಕ ಏರಿಸಿ ನೋಡಿದರು. ನನ್ನದನ್ನು ತೋರಿಸಿ "ಇದರಲ್ಲಿ ಇರಬಹುದು" ಅಂದರು. ಆಮೇಲೆ ವಜ್ರದ ಮನೆ ಕಡೆ ಬೆರಳು ಮಾಡಿ, "ಇದೇನು, ಈ ಮನೆಯ ಬಚ್ಚಲಾ? ಟೈಲ್ಸ್ ಹಾಕಿದ್ದೀರಲ್ಲ" ಅಂದರು. ಅಕ್ಕನ ಮಗಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಇನ್ನೂ ಅನುಮಾನ ಇದ್ದರೆ ಬೇಲೂರಿಗೆ ಹೋಗಿಬನ್ನಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ ಬಳಪದ ಕಲ್ಲಿನದು. ಮೆತ್ತಗಿನ, ಬೂದು ಬಣ್ಣದ ಕಲ್ಲು. ಶಿಲ್ಪಗಳ ಮಾತು ಒಂದು ಕ್ಷಣ ಬಿಡಿ, ಅದು ನಮ್ಮ ನಿಮ್ಮ ಕೈಲಿ ಆಗುವುದಲ್ಲ. ದೂರ ನಿಂತು ಬರೀ ಗೋಡೆಯ ಆಕಾರ ನೋಡಿ. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಹೊರಗೆ ಬಂದು, ಒಳಗೆ ಹೋಗಿ, ಮತ್ತೆ ಹೊರಗೆ ಬರುತ್ತದೆ. ಪ್ರತಿ ಮಡಿಕೆಯಲ್ಲೂ ಒಂದು ನೆರಳು. ಆ ಗೋಡೆಯನ್ನು ಇಸ್ತ್ರಿ ಹೊಡೆದು ಚಪ್ಪಟೆ ಮಾಡಿ ಮೇಲೆ ಚಿನ್ನದ ತಗಡು ಬಡಿದರೆ ಯಾರು ಬಸ್ ಹತ್ತಿ ನೋಡಲು ಬರುತ್ತಿದ್ದರು?

ವಜ್ರದ ಬ್ಲಾಕಿಗೆ ಆಟದಲ್ಲಿ ಮರ್ಯಾದೆಯ ಜಾಗ ಒಂದಿದೆ, ಬೀಕನ್ (ಆಕಾಶಕ್ಕೆ ಬೆಳಕು ಚಿಮ್ಮಿಸಿ ಆಟಗಾರನಿಗೆ ಶಕ್ತಿ ಕೊಡುವ ಬ್ಲಾಕ್) ಕೆಳಗಿನ ಪಿರಮಿಡ್. ಪೂರ್ತಿ ಎತ್ತರಕ್ಕೆ 164 ಬ್ಲಾಕ್ ಬೇಕು. ಅಲ್ಲೂ ಕಬ್ಬಿಣ ಹಾಕಿದರೆ ಅಷ್ಟೇ ಕೆಲಸ ಮಾಡುತ್ತದೆ. ಸಾಕು, ವಜ್ರದ ಕಥೆ ಇಲ್ಲಿಗೆ ಮುಗಿಯಿತು.

ಉಳಿದದ್ದು ಸಣ್ಣಪುಟ್ಟ ಮಾತು. ಒಂದು ಮನೆಗೆ ಮೂರು ಬಗೆಯ ಬ್ಲಾಕ್ ಸಾಕು, ಗೋಡೆಗೊಂದು, ಕಂಬಕ್ಕೊಂದು, ಛಾವಣಿಗೊಂದು. ಕಾಬಲ್‌ಸ್ಟೋನ್ ನಡುವೆ ಪಾಚಿ ಹಿಡಿದ ಕಲ್ಲು, ಆಂಡಸೈಟ್ ಅನ್ನುವ ಬೂದು ಕಲ್ಲು ಸೇರಿಸುವುದು ಒಳ್ಳೆಯದೇ, ಅದೂ ನೆಲದ ಹತ್ತಿರ. ಆದರೆ ಅದು ಒಗ್ಗರಣೆಯಷ್ಟೇ ಇರಲಿ. ಕೆಲವರು ಸಾಸಿವೆಯನ್ನೇ ಬಡಿಸುತ್ತಾರೆ. ಅಗಲ ಯಾವಾಗಲೂ ಬೆಸ ಸಂಖ್ಯೆ ಇಟ್ಟುಕೊಳ್ಳಿ, 7, 9, 11. ಬಾಗಿಲು ಸರಿಯಾಗಿ ಮಧ್ಯಕ್ಕೆ ಬರುತ್ತದೆ, ಛಾವಣಿಯ ತುದಿ ಒಂದೇ ಸಾಲಿನಲ್ಲಿ ಸೇರುತ್ತದೆ. ಸ್ಟೇರ್ ಮಾಡುವಾಗ ಕ್ರಾಫ್ಟಿಂಗ್ ಟೇಬಲ್ 6 ಬ್ಲಾಕ್ ತಿಂದು 4 ಸ್ಟೇರ್ ಕೊಡುತ್ತದೆ. ಕಲ್ಲಿನದಾದರೆ ಸ್ಟೋನ್‌ಕಟರ್ (ಕಲ್ಲು ಕತ್ತರಿಸುವ ಯಂತ್ರ) ಬಳಸಿ, ಒಂದಕ್ಕೆ ಒಂದು. ಮರಕ್ಕೆ ಅದು ನಡೆಯುವುದಿಲ್ಲ.

ಅಳತೆ ಗೊತ್ತಾಗದವರಿಗೆ ಒಂದು ಉಪಾಯ. ಆಟದ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ನಮ್ಮ 30-40 ಸೈಟ್ ಅಡಿ ಲೆಕ್ಕದ್ದು, ಮೀಟರಿಗೆ ತಂದರೆ ಹೆಚ್ಚುಕಡಿಮೆ 9ಕ್ಕೆ 12. ಅಂದರೆ 9 ಬ್ಲಾಕ್ ಅಗಲ, 12 ಬ್ಲಾಕ್ ಉದ್ದ. ಕಟ್ಟಿ ನೋಡಿ, ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ. 50ಕ್ಕೆ 50 ಅರಮನೆ ಶುರು ಮಾಡಿ ಅರ್ಧಕ್ಕೆ ಬಿಟ್ಟವರೆಲ್ಲ ಮೊದಲು ಇದನ್ನು ಕಟ್ಟಬೇಕಿತ್ತು.

ಸೈಟ್ ಮಾತು ಬಂದಾಗ ನೆನಪಾಯಿತು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ತೊಟ್ಟಿ ಮನೆ ಕಟ್ಟಬಹುದಾ? ಧಾರಾಳವಾಗಿ ಕಟ್ಟಬಹುದು. ಎಲ್ಲರೂ ಯುರೋಪಿನ ಕೋಟೆ, ಜಪಾನಿನ ಪಗೋಡ ಅಂತ ಕಟ್ಟುತ್ತಾರೆ. ಈ ಆಟ ಬ್ಲಾಕಿನದು, ತೊಟ್ಟಿ ಮನೆ ಚೌಕದ್ದು, ಇಬ್ಬರಿಗೂ ಜಾತಕ ಕೂಡುತ್ತದೆ.

ಆದರೆ ಅಳತೆಯಲ್ಲಿ ನಾನು ಎಡವಿದ್ದೇನೆ, ನೀವು ಎಡವಬೇಡಿ. ಮೊದಲ ಸಲ 13ಕ್ಕೆ 13 ತೆಗೆದುಕೊಂಡೆ. ಹೊರಗೋಡೆ 1, ಕೋಣೆ 3, ಒಳಗಿನ ಕಂಬದ ಸಾಲು 1, ನಡುವೆ ತೊಟ್ಟಿ 3, ಆಚೆ ಬದಿಯೂ ಹಾಗೇ. ಕಾಗದದ ಮೇಲೆ ಸರಿಯಾಗಿತ್ತು. ತೊಟ್ಟಿಯ ಕಡೆಗೂ ನಾಲ್ಕು ದಿಕ್ಕಿನಿಂದ ಒಂದೊಂದು ಬ್ಲಾಕ್ ಸೂರು ಬರುತ್ತದೆ ಅನ್ನುವುದನ್ನೇ ಮರೆತಿದ್ದೆ. ಛಾವಣಿ ಮುಗಿಸಿ ಕೆಳಗೆ ನಿಂತು ತಲೆ ಎತ್ತಿದರೆ ಒಂದೇ ಬ್ಲಾಕಿನಷ್ಟು ಆಕಾಶ. ಬಾವಿಯೊಳಗೆ ಬಿದ್ದವನ ಹಾಗಾಯಿತು. ತೊಟ್ಟಿಗೆ 5 ಕೊಡಿ, ಹೊರಗಿನ ಅಳತೆ 15ಕ್ಕೆ 15 ಇಡಿ. ಆಗ ಸೂರು ಕಳೆದು 3ಕ್ಕೆ 3 ಆಕಾಶ ಉಳಿಯುತ್ತದೆ.

ಗೋಡೆಗೆ ಮಡ್ ಬ್ರಿಕ್ಸ್ ಹಾಕಿ. 2022ರಲ್ಲಿ ಬಂದದ್ದು. ಮಣ್ಣಿಗೆ ನೀರಿನ ಬಾಟಲಿ ಸುರಿದರೆ ಕೆಸರು. ಕೆಸರಿಗೆ ಗೋಧಿ ಬೆರೆಸಿ ಗಟ್ಟಿ ಮಾಡಿ, ಅದರಿಂದ ಇಟ್ಟಿಗೆ. ನಮ್ಮ ಹಳೇ ಮನೆಗಳ ಗೋಡೆಗೆ ಹುಲ್ಲು ಹಾಕಿ ಮಣ್ಣು ಕಲಸುತ್ತಿದ್ದದ್ದೂ ಹೀಗೇ ಅಲ್ವಾ? ಹೆಂಚಿಗೆ ಮಾತ್ರ ಸ್ವಲ್ಪ ತೊಂದರೆ. ಟೆರಾಕೋಟಾ ಬಣ್ಣ ಸರಿಯಾಗಿ ಕೂರುತ್ತದೆ, ಆದರೆ ಅದರ ಸ್ಟೇರ್ ಆಟದಲ್ಲಿಲ್ಲ. ಇಟ್ಟಿಗೆಯ ಸ್ಟೇರ್ ಹಾಕಿ, ಇಲ್ಲವೇ ಅಕೇಶಿಯಾ ಮರದ್ದು. ಹೊಸ ತಾಮ್ರದ ಸ್ಟೇರ್ ಕೂಡ ಹೆಂಚಿನ ಹಾಗೇ ಕಾಣುತ್ತದೆ. ಆದರೆ ಜೇನುಮೇಣ ಬಳಿಯದಿದ್ದರೆ ದಿನ ಕಳೆದ ಹಾಗೆ ಹಸಿರಾಗುತ್ತದೆ. ಪಾಚಿ ಹಿಡಿದ ಹೆಂಚು ಅಂತ ಸಮಾಧಾನ ಮಾಡಿಕೊಳ್ಳಬಹುದು.

ಸರ್ವೈವಲ್‌ನಲ್ಲಿ ತೊಟ್ಟಿ ಅಂದರೆ ಆಕಾಶಕ್ಕೆ ತೆರೆದ ಬಾಗಿಲು, ಅದನ್ನು ಮರೆಯಬೇಡಿ. ಜೇಡ ಗೋಡೆ ಹತ್ತುತ್ತದೆ. ಹೊರಗಡೆ ಸೂರು ಚಾಚಿದ್ದರೆ ತಲೆ ತಾಗಿ ಅಲ್ಲೇ ನಿಲ್ಲುತ್ತದೆ, ಸೂರಿನ ಇನ್ನೊಂದು ಉಪಯೋಗ ಅದು. ನಾನು ಗುಡ್ಡಕ್ಕೆ ಒತ್ತಿಕೊಂಡು ಕಟ್ಟಿದ್ದೆ. ಜೇಡ ಗುಡ್ಡದಿಂದ ನೇರ ಛಾವಣಿಗೆ ಇಳಿದು, ಅಲ್ಲಿಂದ ತೊಟ್ಟಿಗೆ ಬಂತು. ಬಯಲಿನಲ್ಲಿ ಕಟ್ಟಿ. ಒಳಸೂರಿನ ಕೆಳಗೆ ನಾಲ್ಕು ಲ್ಯಾಂಟರ್ನ್ ತೂಗುಹಾಕಿ, ಒಳಗೇ ಜಾಂಬಿ ಹುಟ್ಟುವುದಂತೂ ತಪ್ಪುತ್ತದೆ. ಮೂರು ದಿನ ನಿದ್ದೆಗೆಟ್ಟು ರಾತ್ರಿ ತೊಟ್ಟಿಯಲ್ಲಿ ಅಡ್ಡಾಡಿದರೆ ಫ್ಯಾಂಟಮ್ ಅನ್ನುವ ಹಾರುವ ಭೂತ ಬಂದು ಕುಕ್ಕುತ್ತದೆ, ಅದಕ್ಕೆ ನಾನು ಜವಾಬ್ದಾರ ಅಲ್ಲ.

ತೊಟ್ಟಿಯ ಮೂಲೆಯಲ್ಲಿ ಒಂದು ಕಾಲ್ಡ್ರನ್ ಇಡಿ. ಮಳೆ ಬಂದರೆ ಅದು ನಿಧಾನವಾಗಿ ತುಂಬುತ್ತದೆ, ಹಂಡೆಯ ಹಾಗೆ. ಮರುಭೂಮಿಯಲ್ಲಿ ಕಟ್ಟಿದವರು ಕಾಯಬೇಡಿ, ಅಲ್ಲಿ ಮಳೆ ಇಲ್ಲ. ನಡುವೆ ತುಳಸಿಕಟ್ಟೆ ಇರಲೇಬೇಕು. ಆಟದಲ್ಲಿ ತುಳಸಿ ಇಲ್ಲ, ಕುಂಡದಲ್ಲಿ ಫರ್ನ್ ಇಟ್ಟರೆ ದೂರದಿಂದ ಹಾಗೇ ಕಾಣುತ್ತದೆ. ನಮ್ಮ ತೊಟ್ಟಿ ಮನೆಯ ಕಟ್ಟೆಯನ್ನು ಅಕ್ಕನ ಮಗಳೇ ಕಟ್ಟಿದಳು, ಚೆನ್ನಾಗಿ ಬಂದಿದೆ. ಹೋದ ವಾರ ಏನೋ ಸರಿಪಡಿಸಲು ಕುಂಡದ ಕೆಳಗಿನ ಕಲ್ಲು ಒಡೆದೆ. ಅದರಡಿ ಒಂದು ವಜ್ರದ ಬ್ಲಾಕ್ ಹೂತಿಟ್ಟಿದ್ದಾಳೆ. ಹೊರಗಿನಿಂದ ಕಾಣುವುದಿಲ್ಲ, ನಾನೂ ಕಲ್ಲು ವಾಪಸ್ ಮುಚ್ಚಿ ಸುಮ್ಮನಾದೆ.