ಆ ಕೆಂಪು ಎಚ್ಚರಿಕೆ ಕಂಪ್ಯೂಟರಿನದಲ್ಲ

ರಿಪೇರಿಗೆ ಬರುವವರಿಗೆ ನಾನು ಹೇಳಿ ಹೇಳಿ ಸಾಕಾದ ಮಾತಿದು: ಇಂಟರ್ನೆಟ್ ನೋಡುವಾಗ ‘ವೈರಸ್ ಇದೆ’ ಅಂತ ದಿಢೀರನೆ ಬರುವ ಆ ಎಚ್ಚರಿಕೆ ಕೊಟ್ಟದ್ದು ನಿಮ್ಮ ಕಂಪ್ಯೂಟರ್ ಅಲ್ಲ. ಹೂಂ ಅಂತಾರೆ. ತಿಂಗಳಾದ ಮೇಲೆ ಮತ್ತೆ ಬಂದು, ‘ಕಂಪ್ಯೂಟರೇ ಹೇಳ್ತಲ್ಲ ಸಾರ್, ವೈರಸ್ ಇದೆ ಅಂತ!’

ಪರದೆ ತುಂಬ ಕೆಂಪು, ಸೈರನ್ನು, ಮೈಕ್ರೋಸಾಫ್ಟ್ ಲಾಂಛನ, ಕೆಳಗೊಂದು ಫೋನ್ ನಂಬರ್. ಇದಿಷ್ಟೂ ಒಂದು ವೆಬ್ ಪುಟ. ನೀವು ದಿನಭವಿಷ್ಯ ಓದುತ್ತೀರಲ್ಲ, ಅಂಥದೇ ಇನ್ನೊಂದು ಪುಟ. ನಿಮ್ಮ ಹಾರ್ಡ್ ಡಿಸ್ಕಿನೊಳಗೆ ಏನಿದೆ ಅನ್ನುವುದು ಅದಕ್ಕೆ ಕಾಣದು. ‘ಸ್ಕ್ಯಾನ್ ಆಗುತ್ತಿದೆ’ ಅಂತ ಓಡುವ ಪಟ್ಟಿ ಬರೀ ಚಿತ್ರ. ಸಿ ಡ್ರೈವೇ ಇಲ್ಲದ ಆ್ಯಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರಿನಲ್ಲೂ ‘ಸಿ ಡ್ರೈವ್‌ನಲ್ಲಿ ವೈರಸ್’ ಅಂತ ತೋರಿಸಿದ್ದನ್ನು ನೋಡಿದ್ದೇನೆ. ಮೈಕ್ರೋಸಾಫ್ಟಿನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

ಕಳೆದ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸಿಪಿಯುವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ತಂದರು. ಆ ನಂಬರಿಗೆ ಫೋನ್ ಮಾಡಿ, ಎತ್ತಿದ ವಂಚಕ ಹೇಳಿದ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಆ್ಯಪ್ ಹಾಕಿಕೊಂಡಿದ್ದರು. ಅವನು ಕೂತಲ್ಲಿಂದಲೇ ಈವೆಂಟ್ ವ್ಯೂವರ್ ಅನ್ನುವ ವಿಂಡೋಸಿನ ದಾಖಲೆ ಪಟ್ಟಿ ತೆಗೆದು ಸಾಲುಸಾಲು ಕೆಂಪು ಗುರುತು ತೋರಿಸಿದ್ದ. ‘ಕಣ್ಣಾರೆ ಕಂಡೆ ಕಣಪ್ಪಾ’ ಅಂದರು. ಮೊನ್ನೆಯಷ್ಟೇ ಡಬ್ಬಿಯಿಂದ ತೆಗೆದ ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನೇ ತೆರೆದು ತೋರಿಸಿದೆ. ಅಲ್ಲೂ ಕೆಂಪು ಗುರುತು. ವಿಂಡೋಸ್ ತನ್ನ ಸಣ್ಣಪುಟ್ಟ ಎಡವಟ್ಟನ್ನೆಲ್ಲ ಅಲ್ಲಿ ಬರೆದಿಡುತ್ತದೆ, ಅಷ್ಟೇ. ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಕರುಳು ಚುರ್ ಅಂದಿತು.

ಪುಟ ಮುಚ್ಚಲು ಬಿಡದಿದ್ದರೆ ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಆಗಲಿಲ್ಲವೇ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರ್ ಪಟ್ಟಿಯಿಂದ ಬ್ರೌಸರನ್ನೇ (ಕ್ರೋಮ್, ಎಡ್ಜ್‌ನಂಥದ್ದು) ಮುಚ್ಚಿ. ಮತ್ತೆ ತೆರೆದಾಗ ‘ರೀಸ್ಟೋರ್’ ಮಾಡಲೇ ಅಂತ ಕೇಳಿದರೆ ಬೇಡವೆನ್ನಿ, ಇಲ್ಲವಾದರೆ ಅದೇ ಪುಟ ಬಂದು ಕೂರುತ್ತದೆ. ಮೂಲೆಯಲ್ಲಿ ಪದೇ ಪದೇ ಪುಟಿಯುವ ಎಚ್ಚರಿಕೆಗಳು ಬೇರೆ ಬಗೆಯವು. ಹೆಚ್ಚಾಗಿ ಯಾವುದೋ ಸೈಟಿಗೆ ನೀವೇ ‘ಅಲೋ’ (ಅನುಮತಿ) ಒತ್ತಿರುತ್ತೀರಿ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ನೋಡಿ, ಗುರುತಿಲ್ಲದ ಹೆಸರುಗಳನ್ನು ತೆಗೆದುಹಾಕಿ. ಎಲ್ಲ ಸಲವೂ ಇಷ್ಟೇ ಎನ್ನಲಾರೆ. ನಿಜವಾಗಿಯೂ ಜಾಹೀರಾತು ಸುರಿಸುವ ಆ್ಯಡ್‌ವೇರ್ ಹೊಕ್ಕ ಯಂತ್ರಗಳೂ ಬರುತ್ತವೆ. ಅನುಮಾನವಿದ್ದರೆ ವಿಂಡೋಸ್ ಜೊತೆಗೇ ಬರುವ, ವೈರಸ್ ಹುಡುಕುವ ಡಿಫೆಂಡರಿನಲ್ಲಿ ಫುಲ್ ಸ್ಕ್ಯಾನ್ ಹಾಕಿ.

ಅಂಥ ವಂಚಕನನ್ನು ಕಂಪ್ಯೂಟರಿನೊಳಗೆ ಬಿಟ್ಟುಕೊಂಡಾಗಿದ್ದರೆ ಮೊದಲು ಇಂಟರ್ನೆಟ್ ಆಫ್ ಮಾಡಿ, ಬ್ಯಾಂಕಿಗೆ ತಿಳಿಸಿ, ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನನ್ನಂಥವರ ಅಂಗಡಿಗೆ ಆಮೇಲೆ ಬನ್ನಿ. ಮೇಷ್ಟ್ರು ಸಂಕೋಚಕ್ಕೆ ಎರಡು ದಿನ ಮಗಳಿಗೂ ಹೇಳಿರಲಿಲ್ಲ. ಆ ಎರಡು ದಿನದಲ್ಲಿ ಖಾತೆಯಿಂದ ಇನ್ನೆರಡು ಸಲ ದುಡ್ಡು ಹೋಗಿತ್ತು.